ಮಾತ್ರೆಯೊಳಗಿನ ವಿಟಮಿನ್ ಬಂದದ್ದೆಲ್ಲಿಂದ?

ಪ್ರಶ್ನೆ: ವಿಟಮಿನ್ ಸಿ ಡಬ್ಬಿಯ ಮೇಲೆ ಕಿತ್ತಳೆಯ ಚಿತ್ರ ಇರುತ್ತದೆ. ನಿಜವಾಗಿಯೂ ಹಣ್ಣಿನಿಂದಲೇ ಮಾಡುತ್ತಾರಾ? ನಾನು ಸಸ್ಯಾಹಾರಿ, ಬೇರೆ ವಿಟಮಿನ್‌ಗಳ ಕಥೆ ಏನು?

ಉತ್ತರ: ಚಿತ್ರ ಸುಮ್ನೆ ಅಂದಕ್ಕೆ. ಹೆಚ್ಚಿನ ಮಾತ್ರೆಗಳ ಸಿ ಶುರುವಾಗುವುದು ಮೆಕ್ಕೆಜೋಳದಂಥ ಧಾನ್ಯದ ಪಿಷ್ಟದಿಂದ ಬರುವ ಗ್ಲೂಕೋಸ್‌ನಿಂದ. ಅದನ್ನು ಮೊದಲು ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥ ಮಾಡಿ, ದೊಡ್ಡ ಟ್ಯಾಂಕುಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ, ಆಮೇಲೆ ಒಂದಷ್ಟು ರಾಸಾಯನಿಕ ಹಂತ ದಾಟಿಸಿದರೆ ಬಿಳಿ ಹರಳು ಸಿಗುತ್ತದೆ. 1930ರ ದಶಕದಲ್ಲಿ ರಸಾಯನವಿಜ್ಞಾನಿ ರೈಖ್‌ಸ್ಟೈನ್ ತೋರಿಸಿದ ದಾರಿಯೇ ಇದಕ್ಕೆ ಬುನಾದಿ. ಅಣು ಮಾತ್ರ ಹಣ್ಣಿನಲ್ಲಿರುವುದೇ, ಚೂರೂ ವ್ಯತ್ಯಾಸವಿಲ್ಲ.

ನೀವು ಗಮನಿಸಬೇಕಾದದ್ದು ಡಿ3. ಕುರಿಯ ಉಣ್ಣೆ ತೊಳೆದಾಗ ಜಿಡ್ಡು ಬರುತ್ತದಲ್ಲ, ಲ್ಯಾನೋಲಿನ್, ಅದರಿಂದ ಕೊಲೆಸ್ಟೆರಾಲ್ ತೆಗೆದು, ಸ್ವಲ್ಪ ಬದಲಿಸಿ, ನೇರಳಾತೀತ ಬೆಳಕು ಬಿಡುತ್ತಾರೆ. ಬಿಸಿಲಿಗೆ ನಿಂತಾಗ ನಮ್ಮ ಚರ್ಮ ಮಾಡುವುದೂ ಹೆಚ್ಚುಕಡಿಮೆ ಇದನ್ನೇ! ಇದಕ್ಕಾಗಿ ಕುರಿಯನ್ನು ಕೊಲ್ಲಬೇಕಿಲ್ಲ, ಆದರೂ ಪ್ರಾಣಿಮೂಲವೇ ಅಲ್ವಾ? ಬೇಡವೆನಿಸಿದರೆ ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಇದೆ.

ಬಿ12 ಬಗ್ಗೆ ಚಿಂತೆ ಬೇಡ, ಅದು ಪೂರ್ತಿ ಬ್ಯಾಕ್ಟೀರಿಯಾಗಳ ಕೆಲಸ. ಜಾಸ್ತಿ ಜನ ಮರೆಯುವುದು ಕ್ಯಾಪ್ಸೂಲ್‌ನ ಹೊದಿಕೆಯನ್ನು. ಜೆಲಟಿನ್ ಎಂದಿದ್ದರೆ ಅದು ಪ್ರಾಣಿಗಳ ಚರ್ಮ, ಮೂಳೆಯದ್ದು. ಲೇಬಲ್‌ನಲ್ಲಿ ಅದನ್ನೂ ನೋಡಿ.