ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್ ಕಾರ್ಡ್‌ನವರ ಚಿಕಿತ್ಸೆಗೆ ಶೇ. 30 ಸರ್ಕಾರ ಕೊಡುತ್ತೆ ಅಂತಾರೆ, ಮತ್ತೆ ಆಸ್ಪತ್ರೆ ಬಿಲ್‌ನಲ್ಲಿ ಅಷ್ಟು ಕಡಿಮೆ ಆಗೋದೇ ಇಲ್ಲವಲ್ಲ, ಯಾಕೆ?

ಯಾಕಂದ್ರೆ ಆ ಶೇ. 30 ನಿಮ್ಮ ಬಿಲ್ ಮೇಲಲ್ಲ, ಸರ್ಕಾರ ಆ ಚಿಕಿತ್ಸೆಗೆ ನಿಗದಿ ಮಾಡಿರುವ ದರದ ಮೇಲೆ.

ಯೋಜನೆಯ ಪಟ್ಟಿಯಲ್ಲಿರುವ ಪ್ರತಿ ಚಿಕಿತ್ಸೆಗೂ ಹೀಗೆ ಒಂದು ನಿಗದಿತ ದರ, ಅಂದ್ರೆ ಪ್ಯಾಕೇಜ್ ದರ ಇದೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಪ್ಯಾಕೇಜ್ 1 ಲಕ್ಷ, ಮೈಸೂರಿನ ಖಾಸಗಿ ಆಸ್ಪತ್ರೆಯ ಬಿಲ್ 2 ಲಕ್ಷ. ಸರ್ಕಾರದಿಂದ ಬರೋದು 30 ಸಾವಿರ, 60 ಅಲ್ಲ. ಅಂದ್ರೆ ಬಿಲ್‌ನ ಶೇ. 15 ಮಾತ್ರ! ಉಳಿದಿದ್ದು ನಿಮ್ಮ ಜೇಬಿಂದಲೇ. ಸರ್ಕಾರ ಕೊಡೋದೂ ಇಡೀ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಬಿಪಿಎಲ್ ಕಾರ್ಡ್‌ನವರಿಗೆ ಈ ತಲೆನೋವಿಲ್ಲ, ವರ್ಷಕ್ಕೆ 5 ಲಕ್ಷದವರೆಗೆ ಪ್ಯಾಕೇಜ್ ಪೂರ್ತಿ ಸರ್ಕಾರದ್ದೇ.

ಜನ ಜಾಸ್ತಿ ಎಡವೋದು ಇನ್ನೊಂದು ಕಡೆ. ಎಮರ್ಜೆನ್ಸಿ ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಮಂಡ್ಯದವರಾದ್ರೆ ಮಿಮ್ಸ್, ಮೈಸೂರಾದ್ರೆ ಕೆ.ಆರ್. ಆಸ್ಪತ್ರೆ ಅಂತ ಇಟ್ಟುಕೊಳ್ಳಿ, ಅಲ್ಲಿ ಆಗಲ್ಲ ಅಂದಾಗ ರೆಫರಲ್ ಚೀಟಿ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಚೀಟಿ ಇಲ್ಲದೆ ನೇರವಾಗಿ ಅಡ್ಮಿಟ್ ಆಗಿ, ಡಿಸ್ಚಾರ್ಜ್ ದಿನ ಕಾರ್ಡ್ ತೋರಿಸಿದ್ರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ ಅಷ್ಟೇ.

ಸುಮ್ನೆ ಡಾಕ್ಟರ್‌ಗೆ ತೋರಿಸಿಕೊಂಡು ಬರೋ ಫೀಸು, ತಿಂಗಳು ತಿಂಗಳು ತಗೊಳ್ಳೋ ಬಿಪಿ, ಶುಗರ್ ಮಾತ್ರೆ ಇದರಲ್ಲಿ ಬರಲ್ಲ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ (ಯೋಜನೆಯ ಬಗ್ಗೆ ನೆರವಾಗುವ ಸಿಬ್ಬಂದಿ) ಹತ್ತಿರ ಎರಡೇ ಪ್ರಶ್ನೆ ಕೇಳಿ: ಇದರ ಪ್ಯಾಕೇಜ್ ದರ ಎಷ್ಟು, ನಾವು ಕೈಯಿಂದ ಎಷ್ಟು ಕಟ್ಟಬೇಕು?