ಹಾಡುಗಾರರನ್ನು ಬಿಡಿ, ಪಕ್ಕವಾದ್ಯದವರ ಬೆನ್ನು ಹತ್ತಿ

ಹೊಸ ನಗರಕ್ಕೆ ಬಂದು ಎರಡು ತಿಂಗಳಾಯಿತು, ಜಾಝ್, ರಾಕ್, ಜಾನಪದ, ಶಾಸ್ತ್ರೀಯ ಎಲ್ಲವೂ ಇಷ್ಟ, ಆದರೆ ಕಲಾವಿದರು ಎದುರಿಗೇ ನುಡಿಸುವುದನ್ನು ಕೇಳಬಹುದಾದ ಜಾಗಗಳು ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಕೆಲಸದ ಕಾರಣಕ್ಕೆ ನಾಲ್ಕು ಬಾರಿ ಊರು ಬದಲಿಸಿದವನು ನಾನು. ಪ್ರತಿ ಸಲವೂ ಇದೇ ಹುಡುಕಾಟ. ಮೊದಲೆರಡು ಊರುಗಳಲ್ಲಿ ಜಾಗ ಹುಡುಕಿ ಹುಡುಕಿ ಸುಸ್ತಾದೆ. ಆಮೇಲೆ ಮನುಷ್ಯರನ್ನು ಹುಡುಕಲು ಕಲಿತೆ.

ಕಲಿಸಿದ್ದು ಒಂದು ಕೆಟ್ಟ ಸಂಜೆ. ‘ಲೈವ್ ಮ್ಯೂಸಿಕ್’ ಎಂಬ ಫಲಕ ನಂಬಿ ಒಳಗೆ ಹೋಗಿದ್ದೆ. ನಲವತ್ತು ಕುರ್ಚಿ, ಆರು ಜನ, ಗೋಡೆಯ ಮೇಲಿನ ಟಿವಿಯಲ್ಲಿ ಯಾವುದೋ ಪಂದ್ಯ. ಗಾಯಕನ ದನಿಗಿಂತ ವೀಕ್ಷಕ ವಿವರಣೆಯೇ ಜೋರು. ಆದರೆ ಹಿಂದೆ ಬೇಸ್ ಗಿಟಾರ್ (ತಗ್ಗಿನ ಸ್ವರಗಳ ಗಿಟಾರ್) ಹಿಡಿದು ನಿಂತಿದ್ದವನನ್ನು ಕೇಳುತ್ತಾ ಕೇಳುತ್ತಾ ಎದ್ದು ಹೋಗುವ ಮನಸ್ಸಾಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೇಬಲ್ ಸುತ್ತುತ್ತಿದ್ದ. ಒಂದು ಸುತ್ತು ಮೇಲಿನಿಂದ, ಇನ್ನೊಂದು ಕೆಳಗಿನಿಂದ, ಒಳಗಿನ ತಂತಿ ತಿರುಚಿಕೊಳ್ಳದ ಹಾಗೆ. “ಬೇರೆ ಎಲ್ಲಾದರೂ ನುಡಿಸುತ್ತೀರಾ?” ಎಂದು ಕೇಳಿದೆ. ತಲೆ ಎತ್ತದೆಯೇ ಹೇಳಿದ: “ಮಂಗಳವಾರ ಜಾಝ್, ಗುರುವಾರ ಬ್ಲೂಸ್, ಭಾನುವಾರ ಚರ್ಚಿನ ಗಾಯನವೃಂದ. ಇಲ್ಲಿಗೆ ಬರುವುದು ಬಾಡಿಗೆ ಕಟ್ಟುವುದಕ್ಕೆ.” ಆ ಮಂಗಳವಾರದ ಜಾಝ್ ನಡೆಯುತ್ತಿದ್ದುದು ವಾದ್ಯ ರಿಪೇರಿ ಮಾಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಹೊರಗೆ ಒಂದು ಫಲಕವೂ ಇರಲಿಲ್ಲ.

ಗಿಟಾರ್ ನುಡಿಸುವವರು ಎಲ್ಲ ಊರಿನಲ್ಲೂ ದಂಡಿಯಾಗಿ ಸಿಗುತ್ತಾರೆ. ಗಟ್ಟಿಯಾಗಿ ಲಯ ಹಿಡಿಯುವ ಬೇಸ್ ಮತ್ತು ಡ್ರಮ್ಸ್ ವಾದಕರು ಕಡಿಮೆ. ಹಾಗಾಗಿ ಅವರು ಮೂರು ನಾಲ್ಕು ತಂಡಗಳಲ್ಲಿ, ಮೂರು ನಾಲ್ಕು ಪ್ರಕಾರಗಳಲ್ಲಿ ಹಂಚಿಹೋಗಿರುತ್ತಾರೆ. ನಮ್ಮ ಸಂಗೀತ ಕಚೇರಿಗಳಲ್ಲೂ ಹೀಗೆಯೇ ಅಲ್ಲವೇ? ಗಾಯಕರು ಬದಲಾಗುತ್ತಾರೆ, ಪಿಟೀಲು ಮೃದಂಗಗಳ ಮುಂದೆ ಅದೇ ಪರಿಚಿತ ಮುಖಗಳು. ಕರಪತ್ರದಲ್ಲಿ ದಪ್ಪಕ್ಷರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರದ ಹೆಸರುಗಳನ್ನು ಬರೆದುಕೊಳ್ಳಿ. ಸಾಮಾಜಿಕ ಜಾಲತಾಣದಲ್ಲಿ ಅವರನ್ನು ಹಿಂಬಾಲಿಸಿ. ಒಬ್ಬ ಒಳ್ಳೆಯ ಬೇಸ್ ವಾದಕ ಸಿಕ್ಕರೆ ಅರ್ಧ ಊರಿನ ಸಂಗೀತದ ನಕಾಶೆಯೇ ಸಿಕ್ಕಂತೆ.

ವಾರದ ದಿನವನ್ನೂ ಗಮನಿಸಿ. ಶುಕ್ರವಾರ ಶನಿವಾರ ವಾದಕರು ದುಡಿಮೆಗೆ ನುಡಿಸುತ್ತಾರೆ. ತಮ್ಮ ಖುಷಿಗೆ ನುಡಿಸುವುದು ಬಿಡುವಿರುವ ಸೋಮವಾರ, ಮಂಗಳವಾರಗಳಲ್ಲಿ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಪುಟ್ಟ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಜಾಝ್ ವಾದಕರಾದ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ 1966ರಲ್ಲಿ ದೊಡ್ಡ ವಾದ್ಯವೃಂದ ಶುರುಮಾಡಿದಾಗ ಆರಿಸಿಕೊಂಡದ್ದು ಸೋಮವಾರ ರಾತ್ರಿಯನ್ನೇ. ಸ್ಟುಡಿಯೋಗಳಲ್ಲಿ ದುಡಿಯುವ ವಾದಕರಿಗೆ ಅಂದು ಬಿಡುವು. ಆ ಸೋಮವಾರಗಳು ದಶಕಗಳ ಕಾಲ ಮುಂದುವರಿದವು. ಯಾವ ಊರಿಗೆ ಹೋದರೂ ನಾನು ಮೊದಲು ವಿಚಾರಿಸುವುದು ಸೋಮವಾರ ಎಲ್ಲಿ ಏನು ನಡೆಯುತ್ತದೆ ಎಂದು.

ಜಾಗದ ಹೆಸರನ್ನು ಮಾತ್ರ ನಂಬಬೇಡಿ. 1973ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ತೆರೆದ ಸಿಬಿಜಿಬಿ ಕ್ಲಬ್ಬಿನ ಆ ನಾಲ್ಕಕ್ಷರಗಳು ಕಂಟ್ರಿ, ಬ್ಲೂಗ್ರಾಸ್ ಮತ್ತು ಬ್ಲೂಸ್ ಸಂಗೀತಗಳಿಗಾಗಿ ಇಟ್ಟದ್ದು. ಅಲ್ಲಿ ಬೆಳೆದು ನಿಂತದ್ದು ಪಂಕ್ ರಾಕ್!

ಹೆಸರಿಗಿಂತ ಕೋಣೆ ಹೆಚ್ಚು ಸತ್ಯ ಹೇಳುತ್ತದೆ. ಒಳಗೆ ಹೋದೊಡನೆ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿಸಿಕೊಳ್ಳಿ (ಯಾರೂ ಇಲ್ಲದಾಗ, ನಾನು ಜನರಿದ್ದಾಗಲೂ ತಟ್ಟಿ ಮುಜುಗರಪಟ್ಟಿದ್ದೇನೆ). ಸಿಂಫನಿ ವಾದ್ಯವೃಂದಕ್ಕೆ ನಾದ ಸುಮಾರು ಎರಡು ಸೆಕೆಂಡು ತಂಗಿ ಆರುವ ಸಭಾಂಗಣ ಹಿತ. ಬಾಸ್ಟನ್ನಿನಲ್ಲಿ 1900ರಲ್ಲಿ ತೆರೆದ ಸಿಂಫನಿ ಹಾಲ್‌ಗಾಗಿ ಭೌತವಿಜ್ಞಾನಿ ವಾಲೇಸ್ ಸೇಬಿನ್ ಈ ಅನುರಣನವನ್ನು ಮೊದಲೇ ಲೆಕ್ಕ ಹಾಕಿಕೊಟ್ಟಿದ್ದರು. ಅದೇ ಸಭಾಂಗಣದಲ್ಲಿ ಜೋರು ಡ್ರಮ್ಸ್ ಬಾರಿಸಿದರೆ ಒಂದು ಪೆಟ್ಟು ಆರುವ ಮೊದಲೇ ಮುಂದಿನ ನಾಲ್ಕು ಬಂದು ಎಲ್ಲವೂ ಕಲಸುಮೇಲೋಗರ. ರಾಕ್‌ಗೆ ನಾದ ಬೇಗ ಆರುವ ಕೋಣೆಯೇ ಬೇಕು: ಪರದೆ, ಜನಸಂದಣಿ, ತಗ್ಗಿನ ಚಾವಣಿ. ಕಲ್ಲಿನ ಹಳೆಯ ಚರ್ಚುಗಳಲ್ಲಿ ನಾದ ಇನ್ನೂ ಬಹಳ ಹೊತ್ತು ಸುಳಿದಾಡುವುದರಿಂದ ಅಲ್ಲಿ ಆರ್ಗನ್ ಮತ್ತು ಗಾಯನವೃಂದ ಸೊಗಸು. ಹೀಗೆ ಕಟ್ಟಡಗಳನ್ನು ನೋಡುತ್ತಾ ಹೋದರೆ ಯಾವ ಪ್ರಕಾರ ಎಲ್ಲಿರಬಹುದು ಎಂದು ಊಹಿಸುವುದು ರೂಢಿಯಾಗುತ್ತದೆ.

ಮೊಬೈಲ್ ಆ್ಯಪ್‌ಗಳ ಬಗ್ಗೆ ಕೇಳಿದ್ದಿರಿ. ಸಾಂಗ್‌ಕಿಕ್, ಬ್ಯಾಂಡ್ಸ್‌ಇನ್‌ಟೌನ್ ಎರಡೂ ಇಟ್ಟುಕೊಳ್ಳಿ. ಪ್ರವಾಸದಲ್ಲಿರುವ ಹೆಸರಾಂತ ತಂಡಗಳು ಬಂದಾಗ ತಿಳಿಸುತ್ತವೆ. ಹಿಂದಿನ ಕೋಣೆಯ ಮಂಗಳವಾರ ಅವುಗಳ ಕಣ್ಣಿಗೆ ಬೀಳುವುದು ಅಪರೂಪ. ಅದಕ್ಕೆ ವಾದ್ಯದ ಅಂಗಡಿಯ ಸೂಚನಾ ಫಲಕವೇ ಮೇಲು. ‘ಡ್ರಮ್ಸ್ ವಾದಕರು ಬೇಕಾಗಿದ್ದಾರೆ’ ಎಂಬ ಚೀಟಿಗಳನ್ನು ಓದಿದರೂ ಊರಿನಲ್ಲಿ ಯಾವ ಸಂಗೀತ ಹುಟ್ಟುತ್ತಿದೆ ಎಂದು ತಿಳಿಯುತ್ತದೆ. ಶಾಸ್ತ್ರೀಯ ಸಂಗೀತಕ್ಕೆ, ಪೂರ್ವದ್ದಿರಲಿ ಪಶ್ಚಿಮದ್ದಿರಲಿ, ಸಂಗೀತ ಕಾಲೇಜಿನ ವಿದ್ಯಾರ್ಥಿಗಳು ನಡೆಸುವ ಸಂಗೀತ ಕಚೇರಿಗಳಿಗೆ ಹೋಗಿ. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತ ಅಧ್ಯಾಪಕರೇ ಮುಂದಿನ ವಾರ ಇನ್ನೆಲ್ಲೋ ವೇದಿಕೆಯ ಮೇಲಿರುತ್ತಾರೆ. ಒಂದೇ ದಿನ ಎಲ್ಲ ಬಗೆಯನ್ನೂ ರುಚಿ ನೋಡಬೇಕೆಂದರೆ ಜೂನ್ 21 ಕಾಯಿರಿ. ಫ್ರಾನ್ಸಿನಲ್ಲಿ 1982ರಲ್ಲಿ ಶುರುವಾದ ಈ ಸಂಗೀತ ದಿನವನ್ನು ಈಗ ಹಲವು ದೇಶಗಳ ನಗರಗಳು ಬೀದಿಯಲ್ಲೇ ಆಚರಿಸುತ್ತವೆ.

ಕಿವಿಗೆ ಇಡುವ ಪ್ಲಗ್ ಒಂದು ಜೊತೆ ಸದಾ ಜೇಬಿನಲ್ಲಿರಲಿ. 85 ಡೆಸಿಬೆಲ್ ಶಬ್ದವನ್ನು ಕಿವಿ ಎಂಟು ಗಂಟೆ ತಾಳಬಹುದು ಎಂದು ಲೆಕ್ಕ; ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ನಲ್ಲಿ ಸಿಗುವುದು ಹದಿನೈದು ನಿಮಿಷ ಮಾತ್ರ. ಜೋರಾದ ರಾಕ್ ಕಾರ್ಯಕ್ರಮ ಅಷ್ಟನ್ನು ಸುಲಭವಾಗಿ ಮುಟ್ಟುತ್ತದೆ.

ನಿಲ್ಲುವುದಾದರೆ ಧ್ವನಿ ನಿಯಂತ್ರಕರ ಮೇಜಿನ ಬಳಿ ನಿಲ್ಲಿ. ಅವರು ತಮ್ಮ ಕಿವಿಗೆ ಹಿತವಾಗುವಂತೆಯೇ ಹದ ಮಾಡುತ್ತಿರುತ್ತಾರೆ, ಹಾಗಾಗಿ ಸಂಗೀತ ಅಲ್ಲೇ ಅತ್ಯಂತ ಸ್ಪಷ್ಟ. ಊರಿನ ಎಲ್ಲ ತಂಡಗಳ ಮುಂದಿನ ದಿನಾಂಕಗಳೂ ಅವರಿಗೆ ಬಾಯಿಪಾಠ. ಮಾತನಾಡಿಸುವುದಾದರೆ ವಿರಾಮದಲ್ಲಿ ಮಾತನಾಡಿಸಿ. ಹಾಡಿನ ನಡುವೆ ಕೇಳಲು ಹೋಗಿ ನಾನು ಬೈಸಿಕೊಂಡಿದ್ದೇನೆ. ಆದರೂ ವಿಳಾಸವನ್ನು ಕೈಮೇಲೆ ಗೀಚಿಕೊಟ್ಟರು.