ಮುನೀಮನನ್ನು ಕೇಳಿ: ಒಂದು ಹೊಲ, 31 ಮನೆ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಮೊದಲು ಅಡತಿ (ದಲಾಲಿ) ಅಂಗಡಿಯ ಲೆಕ್ಕ ಬರೆದೆ, ಆಮೇಲೆ ಬೇಳೆ ಮಿಲ್ಲಿನದು. ಈಗ ಮನೆಯಲ್ಲಿದ್ದೇನೆ, ಪತ್ರಗಳಿಗೆ ಉತ್ತರ ಬರೆಯುತ್ತೇನೆ. ಈ ಸಲ ಬಂದವು ಬಹುಪಾಲು ತೊಗರಿ ಪತ್ರಗಳೇ. ಒಂದು ಮಾತ್ರ ಹುಳದ ಬಗ್ಗೆ. ಅದನ್ನು ಕೊನೆಗೆ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮ ಜಿಲ್ಲೆಗೆ ತೊಗರಿ ಕಣಜ ಅಂತಾರೆ. ಗಂಜ್‌ನಲ್ಲಿ ರೇಟು ಬಿತ್ತು ಅಂತ ಪೇಪರಿನಲ್ಲಿ ಓದ್ತೀನಿ. ಅಂಗಡಿಗೆ ಹೋದರೆ ಬೇಳೆ ಮೊನ್ನಿನ ರೇಟೇ. ನಡುವೆ ತಿನ್ನೋರು ಯಾರು?
ಗೃಹಿಣಿ, ಬ್ರಹ್ಮಪುರ, ಕಲಬುರಗಿ

ಅಕ್ಕಾರೆ, ಮೊದಲು ಮಿಲ್ಲಿನೊಳಗೆ ಬನ್ನಿ. ತೊಗರಿ ನೇರವಾಗಿ ಬೇಳೆ ಆಗುವುದಿಲ್ಲ. ಕಾಳಿನ ಸಿಪ್ಪೆಯನ್ನು ಯಂತ್ರದಲ್ಲಿ ಸ್ವಲ್ಪ ಗೀರಿ, ಎಣ್ಣೆ ಸವರಿ, ಬಿಸಿಲಿಗೆ ಹರವುತ್ತಾರೆ. ಆಮೇಲೆ ನೀರು ಚಿಮುಕಿಸಿ ಮತ್ತೆ ಒಣಗಿಸುತ್ತಾರೆ. ಕಪನೂರಿನ ಕಡೆ ಹೋದರೆ ಕಟ್ಟೆ ತುಂಬ ತೊಗರಿ ಹರವಿರುತ್ತದೆ. ಹೆಣ್ಣುಮಕ್ಕಳು ಅದರ ಮೇಲೆ ಕಾಲೆಳೆಯುತ್ತ ಗೆರೆ ಹಾಕಿಕೊಂಡು ನಡೆಯುತ್ತಾರೆ, ಕೆಳಗಿನ ಕಾಳು ಮೇಲೆ ಬರಲಿ ಅಂತ. ಮೋಡ ಬಂದರೆ ಮಾಲೀಕರ ಮುಖವೂ ಮೋಡ. ಇಷ್ಟೆಲ್ಲ ಆದಮೇಲೆ ನೂರು ಕೆಜಿ ತೊಗರಿಯಿಂದ ಕೈಗೆ ಬರುವುದು ಸುಮಾರು 70 ಕೆಜಿ ಬೇಳೆ. ಉಳಿದದ್ದು ನುಚ್ಚು, ಚುನ್ನಿ, ಸಿಪ್ಪೆ. ದನದ ಮೇವಿಗೆ ಹೋಗುತ್ತದೆ.

ಆದ್ದರಿಂದ ತೊಗರಿ ಕ್ವಿಂಟಲಿಗೆ 7,000 ಇದ್ದರೆ ಬೇಳೆಯ ಅಸಲು ಕೆಜಿಗೆ ನೂರು ರೂಪಾಯಿ. 10,500 ಇದ್ದರೆ ನೂರೈವತ್ತು. ಅದರ ಮೇಲೆ ಮಿಲ್ಲು, ಚೀಲ, ಹಮಾಲಿ, ಲಾರಿ, ಕಿರಾಣಿಯವರ ಲಾಭ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಿ, ಯಾರೂ ನಿಮ್ಮನ್ನು ಏಮಾರಿಸಲಾರರು.

ಇನ್ನು ಇಳಿಯದ ರೇಟಿನ ಮಾತು. ಗಂಜ್‌ನಲ್ಲಿ ಮಧ್ಯಾಹ್ನ ರೇಟು ಏರಿದರೆ ಸಂಜೆಗೆ ನಿಮ್ಮ ಓಣಿಯ ಅಂಗಡಿಯಲ್ಲಿ ಏರಿರುತ್ತದೆ. ಇಳಿದರೆ ಮಾತ್ರ "ಹಳೇ ಮಾಲು ಐತಿ ಅಕ್ಕಾ" ಅಂತಾರೆ. ಖರೆ, ಹಳೇ ಮಾಲು ಇರುತ್ತದೆ. ಏರುವಾಗ ಇರಲಿಲ್ವಾ ಅಂತ ಒಮ್ಮೆ ನಗುತ್ತ ಕೇಳಿ ನೋಡಿ.

ಪ್ರಶ್ನೆ: ನಮ್ಮದು ನಾಲ್ಕು ಎಕರೆ ತೊಗರಿ. "ಸರ್ಕಾರ ನಡುವೆ ಬರದೇ ಇದ್ದರೆ ರೈತ ಉದ್ಧಾರ ಆಗ್ತಾನೆ" ಅಂತಾರೆ ನಮ್ಮಪ್ಪ. ಕಾಲೇಜಿನ ಮೇಷ್ಟ್ರು "ಎಲ್ಲ ಬಂಡವಾಳಶಾಹಿ ಆಟ, ವ್ಯಾಪಾರಿಗಳು ಮಾಲು ಅಡಗಿಸಿ ರೇಟು ಏರಿಸ್ತಾರೆ, ಸರ್ಕಾರ ಬಿಗಿ ಮಾಡಬೇಕು" ಅಂತಾರೆ. ಮನೆಯಲ್ಲಿ ಒಂದು, ಕಾಲೇಜಿನಲ್ಲಿ ಒಂದು. ಯಾರನ್ನು ನಂಬಲಿ?
ಬಿ.ಎ. ವಿದ್ಯಾರ್ಥಿ, ಜೇವರ್ಗಿ ತಾಲ್ಲೂಕು

ತಮ್ಮಾ, ನಿಮ್ಮಪ್ಪ ಸಂತೆ ನೋಡಿದವರು, ಮೇಷ್ಟ್ರು ಪುಸ್ತಕ ನೋಡಿದವರು. ನಾನು ಗೋದಾಮಿನ ಬೀಗದ ಕೈ ಇಟ್ಟುಕೊಂಡಿದ್ದವನು. ಅಲ್ಲಿಂದಲೇ ಹೇಳುತ್ತೇನೆ.

ನಾನು ಗಂಜ್‌ಗೆ ಬಂದ ಹೊಸತರಲ್ಲಿ ಕೆಲವರು ರುಮಾಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಮುರಿಯುತ್ತಿದ್ದರು. ಮಾಲಿನ ಧಣಿ ಎದುರಿಗೇ ನಿಂತಿರುತ್ತಿದ್ದ. ತನ್ನ ತೊಗರಿಯ ರೇಟು ಅವನಿಗೊಬ್ಬನಿಗೇ ಕಾಣುತ್ತಿರಲಿಲ್ಲ. ಅದು ಯಾವ ಸರ್ಕಾರವೂ ಅಡ್ಡ ಬರದ ಮಾರುಕಟ್ಟೆ, ನಿಮ್ಮಪ್ಪನಿಗೆ ನೆನಪಿರಬಹುದು. ಬಹಿರಂಗ ಹರಾಜು, ಪರವಾನಗಿ, ಸರಿಯಾದ ತೂಕ, ಆಮೇಲೆ ಬಂದ ಕಂಪ್ಯೂಟರ್ ಟೆಂಡರ್, ಇವೆಲ್ಲ ಸರ್ಕಾರದ ನಿಯಮಗಳೇ. ಇವು ಬೇಡ ಅನ್ನುವ ರೈತನನ್ನು ನಾನು ನೋಡಿಲ್ಲ.

ಈಗ ಮೇಷ್ಟ್ರ ಕಡೆ. 1955ರ ಅಗತ್ಯ ವಸ್ತುಗಳ ಕಾಯ್ದೆ ಅಂತ ಒಂದಿದೆ. ಅದರ ಕೆಳಗೆ ಸರ್ಕಾರ ಯಾರು ಎಷ್ಟು ಮಾಲು ಇಡಬಹುದು ಅಂತ ಮಿತಿ ಹಾಕುತ್ತದೆ. 2023ರ ಜೂನ್‌ನಲ್ಲಿ ತೊಗರಿಗೆ ಮಿತಿ ಬಂತು. ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಸೆಪ್ಟೆಂಬರ್‌ನಲ್ಲಿ ಸಗಟಿನವರ 200ನ್ನು 50ಕ್ಕೆ ಇಳಿಸಿದರು. ನವೆಂಬರ್‌ನಲ್ಲಿ ಮತ್ತೆ 200 ಮಾಡಿದರು. ಒಂದೇ ಹಂಗಾಮಿನಲ್ಲಿ ಮೂರು ಆಟ.

ಐವತ್ತು ಟನ್ ಅಂದರೆ ಎಷ್ಟು? ಹತ್ತು ಟನ್ನಿನ ಲಾರಿ ಐದು. ಗಂಜ್‌ನಲ್ಲಿ ಒಂದು ಸಾಧಾರಣ ಅಂಗಡಿಯ ಮುಂದೆ ಸುಗ್ಗಿಯ ಒಂದು ಬೆಳಗ್ಗೆ ಬಂದು ನಿಲ್ಲುವಷ್ಟು ಮಾಲು. ಆ ಸೆಪ್ಟೆಂಬರ್‌ನಲ್ಲಿ ನಾನು ಟಾರ್ಚ್ ಹಿಡಿದು ಚೀಲ ಎಣಿಸಿದ್ದೇನೆ. ಸರ್ಕಾರದ ಪೋರ್ಟಲ್‌ನಲ್ಲಿ ವಾರ ವಾರ ಲೆಕ್ಕ ತುಂಬಬೇಕಿತ್ತು. ಒಂದು ಚೀಲ ಹೆಚ್ಚುಕಡಿಮೆ ಆದರೂ ಎದೆ ಡವಡವ. ನಮ್ಮ ಸಾಲಿನಲ್ಲೇ ಒಬ್ಬರು ಮಿತಿ ಮೀರಿದ ಮಾಲನ್ನು ರಾತ್ರೋರಾತ್ರಿ ಸಾಗಿಸಿದರು. ಎಲ್ಲಿಗೆ ಅಂತೀರಾ? ಪಕ್ಕದ ಗೋಡೌನಿಗೆ. ಅದರ ಲೈಸೆನ್ಸು ಅಳಿಯನ ಹೆಸರಿನಲ್ಲಿತ್ತು. ತೊಗರಿ ಇಪ್ಪತ್ತು ಹೆಜ್ಜೆ ನಡೆದು ಕಾನೂನಿನೊಳಗೆ ಬಂತು. ಅಳಿಯ ಇಲ್ಲದ ಸಣ್ಣ ವ್ಯಾಪಾರಿ ಏನು ಮಾಡಿದ? ಖರೀದಿ ನಿಲ್ಲಿಸಿದ. ಕೊಳ್ಳುವ ಕೈ ಒಂದು ಕಮ್ಮಿ ಆದರೆ ನಿಮ್ಮಪ್ಪನ ಚೀಲಕ್ಕೆ ಕೂಗುವ ಬಾಯಿಯೂ ಒಂದು ಕಮ್ಮಿ.

ಹಾಗಂತ ಅಡಗಿಸಿ ಇಡುವವರು ಇಲ್ಲವೇ ಇಲ್ಲ ಅಂತ ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಇದ್ದಾರೆ. ನಾನೇ ಅವರ ಲೆಕ್ಕ ಬರೆದಿದ್ದೇನೆ. ಆದರೆ 2015ರಲ್ಲಿ ಬೇಳೆ ಕೆಜಿಗೆ 200 ದಾಟಿದ್ದು ಅಡಗಿಸಿ ಇಟ್ಟಿದ್ದಕ್ಕೇ ಅಲ್ಲ. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು, ಮಾಲೇ ಇರಲಿಲ್ಲ. ದೇಶದ ತುಂಬ ಗೋದಾಮುಗಳ ಮೇಲೆ ದಾಳಿ ಆಯಿತು, ಟಿವಿಯಲ್ಲಿ ಚೀಲಗಳ ರಾಶಿ ತೋರಿಸಿದರು. ಮುಂದಿನ ವರ್ಷ ಮಳೆ ಬಂತು. ರೈತರು ಹಿಂದಿನ ರೇಟು ನೋಡಿ ತೊಗರಿಯನ್ನೇ ಬಿತ್ತಿದರು. ಸರ್ಕಾರ ಹೊರಗಿನಿಂದಲೂ ತರಿಸಿತು, 2016ರ ಜುಲೈನಲ್ಲಿ ಮೊಜಾಂಬಿಕ್ ಜತೆ ಒಪ್ಪಂದ ಬೇರೆ ಆಗಿತ್ತು. ಆ ಹಂಗಾಮಿನ ಬೆಂಬಲ ಬೆಲೆ, ಅಂದರೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ರೇಟು, ಕ್ವಿಂಟಲಿಗೆ 5,050. ಗಂಜ್‌ನಲ್ಲಿ ತೊಗರಿ ಅದರ ಕೆಳಗೆ ಬಿತ್ತು. ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ರೈತರು ಮಾರಿ ಮುಗಿಸಿ ಮುಂದಿನ ಬಿತ್ತನೆಯನ್ನೂ ಮಾಡಿಯಾಗಿತ್ತು.

ಇಲ್ಲಿ ನನ್ನದೂ ಒಂದು ತಪ್ಪಿದೆ. 2016ರ ಸುಗ್ಗಿಯಲ್ಲಿ ಕಮಲಾಪುರ ಕಡೆಯ ಒಬ್ಬ ರೈತರು ಅಂಗಡಿಗೆ ಬಂದು, "ಮುನೀಮ್ರೇ, ಒಂಬತ್ತು ಸಾವಿರ ಅಂತಾರ. ಕೊಟ್ಟುಬಿಡ್ಲೇನು?" ಅಂತ ಕೇಳಿದರು. "ತಡೀರಿ ಕಾಕಾ, ಇನ್ನೂ ಏರ್ತದ" ಅಂದೆ. ಎಲ್ಲರೂ ಹಾಗೇ ಹೇಳುತ್ತಿದ್ದರು, ನಾನೂ ಹೇಳಿದೆ. ಅವರು ಹನ್ನೆರಡು ಕ್ವಿಂಟಲ್ ತಡೆದು ಇಟ್ಟರು. ಮಗಳ ಮದುವೆಗೆ ಅಂತ ಅದನ್ನು ಮಾರಿದ್ದು ಮುಂದಿನ ಸುಗ್ಗಿಯಲ್ಲಿ, ಐದು ಸಾವಿರದ ಕೆಳಗೆ. ನನಗೆ ಒಂದು ಮಾತು ಅನ್ನಲಿಲ್ಲ. ಈಗಲೂ ಊರಿಗೆ ಬಂದರೆ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ. ತೊಗರಿ ಮಾತು ಮಾತ್ರ ತೆಗೆಯುವುದಿಲ್ಲ.

ಪ್ರಶ್ನೆ: ಬೇಳೆ ಅಗ್ಗ ಆದರೆ ತೊಗರಿ ರೈತನಿಗೆ ನಷ್ಟ. ನಾಯಕರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುವುದಿಲ್ಲವೋ?
ನಿವೃತ್ತ ಶಿಕ್ಷಕರು, ಸೇಡಂ

ಗೊತ್ತಿದೆ ಸರ್. ನಾನು ಲೆಕ್ಕ ಹಾಕಿ ತೋರಿಸುತ್ತೇನೆ, ನೀವು ಪೆನ್ಸಿಲ್ ಹಿಡಿದು ತಿದ್ದಿ.

ಜೇವರ್ಗಿಯ ಆ ಹುಡುಗನ ನಾಲ್ಕು ಎಕರೆಯನ್ನೇ ತಗೊಳ್ಳಿ. ಮಳೆ ನೆಚ್ಚಿದ ಹೊಲ, ಎಕರೆಗೆ ನಾಲ್ಕು ಕ್ವಿಂಟಲ್ ಅಂದರೆ ಹದಿನಾರು. ರೇಟು 10,500ರಿಂದ 7,000ಕ್ಕೆ ಬಿದ್ದರೆ ಅವರ ಮನೆಗೆ 56,000 ರೂಪಾಯಿ ಕಮ್ಮಿ. ಈ ದುಡ್ಡು ಎಲ್ಲಿಗೆ ಹೋಯಿತು? ಬೇಳೆ ಕೆಜಿಗೆ 50 ರೂಪಾಯಿ ಅಗ್ಗ ಆಯಿತು. ಪಟ್ಟಣದ ಒಂದು ಮನೆಗೆ ತಿಂಗಳಿಗೆ ಮೂರು ಕೆಜಿ ಬೇಕು ಅನ್ನಿ, ವರ್ಷಕ್ಕೆ 1,800 ಉಳಿಯಿತು. 56,000ವನ್ನು 1,800ರಿಂದ ಭಾಗಿಸಿ. 31 ಮನೆ. ಒಂದು ಹೊಲ ಕಳಕೊಂಡಿದ್ದು 31 ಅಡುಗೆಮನೆಗಳಿಗೆ ಹಂಚಿ ಹೋಯಿತು. ಅದೂ ಬ್ರಹ್ಮಪುರದ ಅಕ್ಕಾರ ಕಿರಾಣಿಯವರು ಪೂರ್ತಿ ಇಳಿಸಿದರೆ.

ಒಂದು ಕಡೆ 31 ಮನೆಯ ಓಟು, ಇನ್ನೊಂದು ಕಡೆ ಒಂದು ಮನೆಯ ಓಟು. ಇದನ್ನು ಭಾಗಿಸಲು ನಾಯಕರಿಗೆ ಮುನೀಮ ಬೇಕಾಗಿಲ್ಲ. ಈರುಳ್ಳಿ ಬೆಲೆ ಏರಿ 1998ರಲ್ಲಿ ದೆಹಲಿ ರಾಜ್ಯದ ಸರ್ಕಾರ ಚುನಾವಣೆಯಲ್ಲಿ ಸೋತದ್ದು ಎಲ್ಲ ಪಕ್ಷದವರಿಗೂ ನೆನಪಿದೆ.

ಸಿಟ್ಟು ಬರುವುದು ಆಮೇಲಿನ ಮಾತಿಗೆ. 2023ರ ಡಿಸೆಂಬರ್ ಕೊನೆಗೆ ಕೇಂದ್ರ ಸರ್ಕಾರ ತೊಗರಿಯ ಮುಕ್ತ ಆಮದನ್ನು 2025ರ ಮಾರ್ಚ್‌ವರೆಗೆ ಮುಂದುವರಿಸಿತು. ಒಂದು ವಾರ ಕಳೆದಿತ್ತು ಅಷ್ಟೆ. 2024ರ ಜನವರಿ 4ರಂದು ಕೇಂದ್ರ ಸಚಿವ ಅಮಿತ್ ಶಾ ಅವರು ತೊಗರಿ ರೈತರಿಗಾಗಿ ಒಂದು ಪೋರ್ಟಲ್ ಉದ್ಘಾಟಿಸಿ, 2028ರ ಜನವರಿಯಿಂದ ಒಂದು ಕೆಜಿ ಬೇಳೆಕಾಳನ್ನೂ ಆಮದು ಮಾಡುವುದಿಲ್ಲ ಅಂದರು. ಎರಡೂ ಸುದ್ದಿ ನಾನೇ ನಮ್ಮ ಮಾಲೀಕರಿಗೆ ಓದಿ ಹೇಳಿದೆ. "ಯಾವುದನ್ನು ನಂಬೋದು?" ಅಂದರು. "ಮೊದಲನೇದು ಹಡಗಿನಲ್ಲಿ ಬರ್ತದ, ಎರಡನೇದು ಪೇಪರಿನಲ್ಲಿ" ಅಂದೆ.

2025ರ ಜನವರಿಯಲ್ಲಿ ಮತ್ತೆ ಅದೇ ಕತೆ. ಆ ಹಂಗಾಮಿನ ಬೆಂಬಲ ಬೆಲೆ 7,550. ನಮ್ಮ ರಾಜ್ಯ ಸರ್ಕಾರ ಅದರ ಮೇಲೆ 450 ಸೇರಿಸಿ 8,000 ಮಾಡಿತು. ಅದೇ ತಿಂಗಳು, ನಮ್ಮ ಹೊಲಗಳಲ್ಲಿ ರಾಶಿ ನಡೆದಿರುವಾಗಲೇ, ಕೇಂದ್ರ ಸರ್ಕಾರ ಸುಂಕವಿಲ್ಲದ ಆಮದನ್ನು ಇನ್ನೊಂದು ವರ್ಷ ಎಳೆಯಿತು. ಆ ಆರ್ಥಿಕ ವರ್ಷದಲ್ಲಿ ಹೊರಗಿನಿಂದ ಬಂದ ತೊಗರಿ ಸುಮಾರು 12 ಲಕ್ಷ ಟನ್. ಬೆಂಗಳೂರಿನವರು 450 ಕೊಟ್ಟೆವು ಅಂತಾರೆ, ದಿಲ್ಲಿಯವರು ಬೆಂಬಲ ಬೆಲೆ ಏರಿಸಿದೆವು ಅಂತಾರೆ. ಹಡಗಿನ ಸುದ್ದಿ ಯಾವ ಭಾಷಣದಲ್ಲೂ ಇಲ್ಲ.

ಆಮದೇ ಬೇಡ ಅಂತ ನಾನು ಹೇಳುವುದಿಲ್ಲ. ದೇಶಕ್ಕೆ ಬೇಕಾದಷ್ಟು ತೊಗರಿ ನಾವು ಬೆಳೆಯುತ್ತಿಲ್ಲ. 2022ರಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ಹೊಲಗಳು ನಿಂತಲ್ಲೇ ಒಣಗಿದಾಗ ಎಲ್ಲಿಂದಲಾದರೂ ತರಲೇಬೇಕಿತ್ತು. ಮಿಲ್ಲಿನ ಕಟ್ಟೆಯ ಮೇಲೆ ಕಾಲೆಳೆದು ನಡೆಯುವ ಹೆಣ್ಣುಮಕ್ಕಳೂ ಬೇಳೆ ಕೊಳ್ಳಬೇಕು, ಅವರಿಗೆ ಹೊಲ ಇಲ್ಲ. ಆ 31 ಮನೆಗಳಲ್ಲಿ ಅವರ ಮನೆಯೂ ಇದೆ. ಅಷ್ಟೇ ಯಾಕೆ, ಆಷಾಢದಲ್ಲಿ ತೊಗರಿ ರೈತರೇ ಅಂಗಡಿಗೆ ಬಂದು ಬೇಳೆ ಕಟ್ಟಿಸಿಕೊಂಡು ಹೋಗುವುದನ್ನು ಎಷ್ಟು ಸಲ ನೋಡಿಲ್ಲ!

ನನಗೆ ಬೇಕಾದದ್ದು ಒಂದು ಭಾಷಣ. ಜೇವರ್ಗಿಯಲ್ಲಿ ನಿಂತು, "ಪಟ್ಟಣದವರಿಗೆ ಬೇಳೆ ಅಗ್ಗ ಆಗಬೇಕು, ಅದಕ್ಕೆ ಈ ಸುಗ್ಗಿಯಲ್ಲಿ ನಿಮ್ಮ ರೇಟು ಇಳಿಸುತ್ತಿದ್ದೇವೆ. ನಿಮಗೆ ಆಗುವ ನಷ್ಟ ಇಷ್ಟು, ನಾವು ತುಂಬಿ ಕೊಡುವುದು ಇಷ್ಟು" ಅಂತ ಹೇಳುವ ಭಾಷಣ. ಇಲ್ಲವೇ ಬೆಂಗಳೂರಿನಲ್ಲಿ ನಿಂತು, "ರೈತರು ಬದುಕಬೇಕು, ಬೇಳೆಗೆ ಮೂವತ್ತು ರೂಪಾಯಿ ಜಾಸ್ತಿ ಕೊಡಿ" ಅಂತ ಹೇಳಲಿ. ಎರಡರಲ್ಲಿ ಯಾವುದು ಹೇಳಿದರೂ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ, ಪಕ್ಷ ಯಾವುದಾದರೂ ಆಗಲಿ. ಹೋದ ಚುನಾವಣೆಯಲ್ಲಿ ನಮ್ಮ ಓಣಿಗೆ ಬಂದ ಒಬ್ಬ ಅಭ್ಯರ್ಥಿಗೆ ಈ 31 ಮನೆಯ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಓದಿದರು. "ಬರೋಬ್ಬರಿ ಐತ್ರಿ" ಅಂದರು. ಮಡಚಿ ಜೇಬಿಗೆ ಹಾಕಿಕೊಂಡರು. ಮೈಕ್ ಹಿಡಿದು, ಗೆದ್ದರೆ ಬೇಳೆ ಅಗ್ಗ ಮಾಡಿ ತೊಗರಿಗೆ ಒಳ್ಳೇ ರೇಟು ಕೊಡಿಸುತ್ತೇನೆ ಅಂದರು.

ಪ್ರಶ್ನೆ: ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ರೇಟು ಯಾಕೆ ಹೆಚ್ಚಾಗಲಿಲ್ಲ?
ಓದುಗರು, ಆಳಂದ

ಈ ಊರಿನದೇ ಮಾಲು ಅನ್ನುವ ಗುರುತು ಆ ಟ್ಯಾಗ್, ಸಿಕ್ಕಿದ್ದು 2019ರಲ್ಲಿ. ಗಂಜ್‌ನಲ್ಲಿ ನಿಮ್ಮ ತೊಗರಿ ಬೇರೆ ಮಾಲಿನ ಜತೆ ಒಂದೇ ರಾಶಿಗೆ ಬೀಳುತ್ತದೆ. ರಾಶಿಗೆ ಬಿದ್ದ ಮೇಲೆ ಕಾಳಿಗೆ ಊರು ಯಾವುದು? ಬೇರೆಯಾಗಿ ಚೀಲ ಕಟ್ಟಿ, ಹೆಸರು ಹಾಕಿ ಮಾರುವವರಿಗೆ ಮಾತ್ರ ಅದರ ಲಾಭ.

ಪ್ರಶ್ನೆ: ಬೇಳೆ ರೇಟು ಏರುತ್ತದೆ ಅಂತ ವರ್ಷಕ್ಕೆ ಆಗುವಷ್ಟು ತಂದಿಟ್ಟೆ. ಹುಳ ಬೀಳದಂತೆ ಏನು ಮಾಡಲಿ?
ಹೆಸರು ಬೇಡ, ಶಹಾಬಾದ್

ಎರಡು ದಿನ ಒಳ್ಳೇ ಬಿಸಿಲಿಗೆ ಹಾಕಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಬಿಸಿ ಇರುವಾಗ ತುಂಬಿದರೆ ಬೆವರುತ್ತದೆ. ನಡುನಡುವೆ ಒಣಗಿದ ಬೇವಿನ ಎಲೆ ಇಡಿ. ಒದ್ದೆ ಕೈ ಹಾಕಬೇಡಿ, ಸೊಸೆಗೂ ಹೇಳಿ, ಮಗನಿಗೂ ಹೇಳಿ. ಮತ್ತೆ ಒಂದು ಮಾತು, ಐದು ಟನ್ ದಾಟದಂತೆ ನೋಡಿಕೊಳ್ಳಿ.